ಕುಂತಿಬೆಟ್ಟದ ಎದುರು, ಆಟೊದಲ್ಲಿ

ಇನಾಯತ್, ಎಂಜಿನ್ ಆಫ್ ಮಾಡಪ್ಪ,
ಬೆಟ್ಟ ನಡುಗ್ತಿದೆ.

ಕಬ್ಬಿನ ಗದ್ದೆ ಮುಗಿಯುವಲ್ಲಿ, ಕೆರೆ ಏರಿಯ ಮೇಲೆ
ಆಟೊ ನಿಂತಿತು. ವಾಕರ್ ಹಿಂದೆ ಮಲಗಿದೆ.
ಅಡ್ಡಕಂಬಿಗೆ ಎರಡು ಸೇರು ಹುರುಳಿಯ ಚೀಲ,
ಅದರ ಮೇಲೆ ಕ್ಯಾಮೆರಾ, ತೊಟ್ಟಿಲಲ್ಲಿಟ್ಟ ಹಾಗೆ.

ಮೂವತ್ತೊಂದು ವರ್ಷ ಮಂಡ್ಯದ ಆಸ್ಪತ್ರೆಯಲ್ಲಿ
ಊರವರ ಮಂಡಿಗಳ ಎಕ್ಸ್‌ರೇ ತೆಗೆದವಳು ನಾನು.
ನನ್ನದನ್ನು ಬೇರೆ ಯಾರೋ ತೆಗೆದರು;
ನೋಡುವ ಮೊದಲೇ ಗೊತ್ತಿತ್ತು.

ಬಂಡೆಯ ಸಂದಿಗೆ ಬೆಳಕು ಬಿತ್ತು. ಅಲ್ಲೂ ಸವೆತ,
ಅಲ್ಲೂ ಒಂದು ಕೂದಲೆಳೆಯಷ್ಟು ಬಿರುಕು.
ಮೇಲೆ ಹತ್ತಿದ ಹುಡುಗರು ಕೂಗುತ್ತಾರೆ.
ಅವರಿಗೆ ಕೆರೆ ಕಾಣುತ್ತೆ, ಗದ್ದೆ ಕಾಣುತ್ತೆ,
ಬೆಟ್ಟ ಕಾಣಲ್ಲ.

'ಅಲುಗಾಡಬೇಡಿ, ಉಸಿರು ಹಿಡೀರಿ' ಅಂದೆ,
ಹಳೇ ಚಾಳಿ.
ಕ್ಲಿಕ್ಕಾಯಿತು.
ಮುಂದಿನ ಸೀಟಲ್ಲಿ ಇನಾಯತ್
ಇನ್ನೂ ಉಸಿರು ಬಿಟ್ಟಿರಲಿಲ್ಲ.