ಕಿರುಬೆರಳಿನ ಸಾಕ್ಷಿ

ಖಮರು, ನೀನು ಈಗ ಕೈ ಕೊಡವಿದೆಯಲ್ಲ
ಥರ್ಮಾಮೀಟರಿನ ಪಾದರಸ ಇಳಿಸುವ ಹಾಗೆ,
ಹಾಗೇ ಕೊಡವಿದ್ದೆ ನಾನೂ, ಎರಡು ವರ್ಷ,
ಯಾರೂ ನೋಡದ ಹೊತ್ತಿನಲ್ಲಿ.

ಬೇಸಿನ್ನಿನ ನೀರು ಕುದಿಯುತ್ತಿರಲಿ ಬಿಡು.
ಇಲ್ಲಿ ಕೇಳು.

ನನಗದು ಶುರುವಾದದ್ದು ರಾತ್ರಿ.
ಮೂರು ಗಂಟೆಗೆ ಎದ್ದು ಕೂತೆ,
ಪಕ್ಕದಲ್ಲಿ ಯಾರೋ ಕೈ ಮರೆತು ಹೋದ ಹಾಗಿತ್ತು.
ನಾನು ಜೋಮು ಅಂದೆ, ನಮ್ಮತ್ತೆ ತಿಮ್ಮಿರಿ ಅಂದರು;
ಎರಡು ಭಾಷೆಯಲ್ಲೂ ಇರುವೆ ಹರಿಯುತ್ತಿತ್ತು.
ಮಂಚದಿಂದ ಇಳಿಬಿಟ್ಟು ಕೊಡವಿದರೆ
ಹತ್ತು ನಿಮಿಷಕ್ಕೆ ಕೈ ವಾಪಸ್ಸು ಬರುತ್ತಿತ್ತು,
ನೆಂಟರ ಮನೆಗೆ ಹೋಗಿ ಬಂದ ಹಾಗೆ.

ಶಿಡ್ಲಘಟ್ಟದಲ್ಲಿ ಊರೆಲ್ಲ ಡಾಕ್ಟರೇ.
ವಾಯು ಎಂದಳು ಹೂವು ಮಾರುವ ಅಕ್ಕಯ್ಯಮ್ಮ,
ಆಲೂಗಡ್ಡೆ ಬಿಡು ಎಂದಳು.
ನಮ್ಮ ಯಜಮಾನರು ಲಕ್ವ ಅಂತ ಹೆದರಿ
ಚಿಂತಾಮಣಿ ಕಡೆ ಎಣ್ಣೆ ತರಲು ಹೋದರು.
ಮೆಡಿಕಲ್ ಸ್ಟೋರಿನ ಹುಡುಗ ಕೆಂಪು ಮಾತ್ರೆ ಕೊಟ್ಟ, ಶಕ್ತಿಗೆ.
ನಾನು ಎಲ್ಲರನ್ನೂ ನಂಬಿದೆ, ಒಬ್ಬೊಬ್ಬರನ್ನಾಗಿ.

ಆಮೇಲೆ ಎಳೆ ಸಿಗುವುದು ನಿಂತಿತು.

ನಿನಗೆ ಹೇಳಬೇಕೆ?
ಎಳೆಯ ತುದಿಯನ್ನು ಕಣ್ಣಿಂದ ಯಾರು ಹುಡುಕುತ್ತಾರೆ,
ಬೆರಳೇ ನೋಡಬೇಕು.
ಬಿಸಿನೀರಲ್ಲಿ ತೇಲುವ ಗೂಡಿನ ಮೈಮೇಲೆ
ಹೆಬ್ಬೆರಳು ತೋರುಬೆರಳು ಸೇರಿ ಹಿಡಿಯುವ
ಇಲ್ಲವೆನ್ನುವಷ್ಟು ಸಣ್ಣದು,
ಅದು ನನಗೆ ಇಲ್ಲವೇ ಆಯಿತು.
ಹದಿನೆಂಟು ವರ್ಷ ನುರಿತ ಕೈ
ಮೊದಲ ದಿನದ ಹುಡುಗಿಯ ಹಾಗೆ ನೀರು ಕಲಕಿತು.
ಸಾಹುಕಾರ ವೇಸ್ಟು ಜಾಸ್ತಿ ಎಂದು ಲೆಕ್ಕ ಬರೆದ.
ರವಿಕೆಯ ಹುಕ್ಕು ಹಾಕಲು ಮಗಳನ್ನು ಕರೆದೆ.

ಚಿಕ್ಕಬಳ್ಳಾಪುರದ ಆಸ್ಪತ್ರೆಯ ಡಾಕ್ಟರಮ್ಮ, ತೇಜಾವತಿ ಅಂತ,
ಮೊದಲು ಕೇಳಿದ್ದು ಒಂದೇ:
ಪಿಳ್ಳಮ್ಮ, ಜೋಮು ಹಿಡಿಯದ ಬೆರಳು ಯಾವುದು?
ಎರಡು ವರ್ಷ ಯಾರೂ ಕೇಳಿರಲಿಲ್ಲ ಅದನ್ನ.
ಕಿರುಬೆರಳು, ಅಂದೆ. ನಾಚಿಕೆಯಾಯಿತು,
ಏನೂ ಆಗದ ಬೆರಳಿನ ಹೆಸರು ಹೇಳಲು.
ಸಾಕ್ಷಿ ಸಿಕ್ಕಿತು ಎಂದು ನಕ್ಕರು.
ಅದರ ನರ ಬೇರೆ ದಾರಿಯಲ್ಲಿ ಬರುತ್ತದಂತೆ.

ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟು ಓಣಿ, ಖಮರು.
ಒಂಬತ್ತು ಹುರಿ, ಒಂದು ನರ, ಮೇಲೆ ಬಿಗಿದ ಪಟ್ಟಿ.
ಹುರಿಗಳ ಸುತ್ತ ಊತ ಬಂದರೆ ನಲುಗುವುದು ನರ.
ನಮ್ಮ ಚರಕದ ಗುಂಡಿಯ ಕಣ್ಣು ನೋಡು,
ಎಂಟು ಎಳೆ ಸಲೀಸಾಗಿ ಹೋಗುವಲ್ಲಿ
ಒಂದು ಗಂಟು ಬಂದು ಕೂತರೆ ಏನಾಗುತ್ತೆ?
ಅಷ್ಟೇ. ಚೀಟಿಯಲ್ಲಿ ಕಾರ್ಪಲ್ ಟನಲ್ ಎಂದು ಬರೆದರು.

ಸಕ್ಕರೆ ನೋಡಿದರು, ಥೈರಾಯಿಡ್ ನೋಡಿದರು.
ರಾತ್ರಿ ಮಲಗುವಾಗ ಮಣಿಕಟ್ಟು ಮಡಚದಂತೆ
ಕಟ್ಟಿಕೊಳ್ಳಲು ಒಂದು ಆಸರೆ ಕೊಟ್ಟರು. ಇಂಜೆಕ್ಷನ್ನೂ ಆಯಿತು,
ಮೂರು ತಿಂಗಳು ನಿದ್ದೆ ಬಂತು, ಮತ್ತೆ ಹೋಯಿತು.
ನಾನು ತಡವಾಗಿ ಹೋದವಳು.
ಹೆಬ್ಬೆರಳ ಬುಡ ಇಗೋ, ಮುಟ್ಟು:
ಇಲ್ಲೊಂದು ದಿಬ್ಬ ಇರಬೇಕಿತ್ತು. ನಿನ್ನದರಲ್ಲಿ ಇನ್ನೂ ಇದೆ.
ಅದಕ್ಕೇ ಪಟ್ಟಿ ಕೊಯ್ದರು, ನಾನು ಎಚ್ಚರವಿದ್ದಾಗಲೇ.
ಅಂಗೈ ಬುಡದ ಈ ಬಿಳಿ ಗೆರೆ
ಹಸ್ತ ನೋಡುವವರಿಗೆ ಗೊತ್ತಿಲ್ಲದ ರೇಖೆ.

ರಾತ್ರಿಯ ಇರುವೆಗಳು ಅದೇ ವಾರ ಹೋದವು.
ಬೆರಳ ತುದಿಗೆ ಜೀವ ಬರಲು ಎಂಟು ತಿಂಗಳು.
ಪೂರ್ತಿ ಬರಲಿಲ್ಲ. ಸಣ್ಣ ಎಳೆಯಾದರೆ
ಈಗಲೂ ನಿನ್ನ ಕೈಲಿ ಹುಡುಕಿಸುತ್ತೇನೆ,
ಕಣ್ಣು ಮಬ್ಬು ಎಂದು ಸುಳ್ಳು ಹೇಳಿ.

ಏಳು. ದುಪ್ಪಟ್ಟಾಕ್ಕೆ ಕೈ ಒರೆಸಿಕೊ.
ಉಲ್ಟಾ ನಮಸ್ಕಾರ ಮಾಡು:
ಎರಡೂ ಕೈಯ ಹಿಂಬದಿ ಒಂದಕ್ಕೊಂದು ಒತ್ತಲಿ,
ಬೆರಳು ನೆಲದ ಕಡೆ. ಮೊಣಕೈ ಎತ್ತು.
ಅರವತ್ತು ಎಣಿಸೋಣ.
ಸಾಹುಕಾರ ನೋಡಿದರೆ ಹೊಸ ಪ್ರಾರ್ಥನೆ ಅಂದುಕೊಳ್ಳಲಿ,
ನಿನ್ನ ದೇವರದೋ ನನ್ನ ದೇವರದೋ ತಿಳಿಯದೆ ಸುಮ್ಮನಿರಲಿ.

ಇಪ್ಪತ್ತು.
ಮೂವತ್ತು.
ಮೂವತ್ತಮೂರಕ್ಕೇ ಕೈ ಕಿತ್ತುಕೊಂಡೆಯಲ್ಲ.

ಯಾವ ಬೆರಳು ಬಿಟ್ಟು?
ಹೇಳಬೇಡ, ನೋಡಿದೆ.
ಅದೊಂದನ್ನು ನೀನು ಉಜ್ಜಿಕೊಳ್ಳಲಿಲ್ಲ.

ನಾಳೆ ಏಳೂವರೆಯ ಬಸ್ಸು. ಆಧಾರ್ ಕಾರ್ಡು ಮರೆಯಬೇಡ.
ಅರ್ಧ ದಿನದ ಕೂಲಿ ಹೋಗುತ್ತೆ, ಹೋಗಲಿ.
ಈಗ ಆ ಗೂಡು ಎತ್ತು, ಬೆಂದು ಕರಗುತ್ತಿದೆ.