ಮುಳ್ಳು ನಿಂತ ಮೇಲೆ

ಸಭೆ ಮುಗಿದಾಗ ಅಂಗಿಯ ಜೇಬಿನಲ್ಲಿ
ಹದಿನಾಲ್ಕು ಕಾರ್ಡು, ಒಂದು ಪುಕ್ಕಟೆ ಪೆನ್ನು,
ಮೊಮ್ಮಗಳಿಗೆಂದು ಕಾಗದದಲ್ಲಿ ಮಡಚಿಟ್ಟ ಅರ್ಧ ಬಾದುಷಾ.
ಸವಳಂಗ ರಸ್ತೆಯ ಹೋಟೆಲಿನ ಮೇಲ್ಮಹಡಿಯಲ್ಲಿ
ತಕ್ಕಡಿ ರಿಪೇರಿಯವರು, ಬಟ್ಟು ಮಾರುವವರು,
ಮುದ್ರೆ ಒತ್ತುವ ಇಲಾಖೆಯ ಇಬ್ಬರು ಸಾಹೇಬರು
ದಿನವಿಡೀ ಒಬ್ಬರ ಕೈ ಒಬ್ಬರು ಕುಲುಕಿದ್ದೆವು
ನೀರು ಬಾರದ ಬೋರಿನ ಹಿಡಿಯಂತೆ.

ರಾತ್ರಿ ಊಟವಾದ ಮೇಲೆ ಕಾರ್ಡುಗಳನ್ನು
ಚಾಪೆಯ ಮೇಲೆ ಹರವಿದೆ, ಇಸ್ಪೀಟಿನ ಹಾಗೆ.
ಆರರ ಮುಖ ನೆನಪಿಗೇ ಬರಲಿಲ್ಲ.
ಒಬ್ಬರ ಅಂಗೈ ಬೆವರು ನೆನಪಿತ್ತು. ಇನ್ನೊಬ್ಬರ
"ಏನ್ರೀ, ಗಾಂಧಿ ಬಜಾರಿನವರಾ?" ಎಂಬ ದನಿ, ಅಷ್ಟೆ.
ಮಗ ಹೇಳಿದ: ಎಲ್ಲರಿಗೂ ಒಟ್ಟಿಗೇ ಕಳಿಸಬಹುದು ಅಪ್ಪ.
ಕಳಿಸಿದೆವು. ಭೇಟಿಯಾಗಿದ್ದು ಸಂತೋಷ, ಮತ್ತೆ ಸಿಗೋಣ,
ಕೊನೆಗೊಂದು ಕೈಮುಗಿದ ಚಿತ್ರ.
ಒಂಬತ್ತು ಹೆಬ್ಬೆಟ್ಟು ವಾಪಸು ಬಂದವು.
ಹೆಬ್ಬೆಟ್ಟನ್ನು ಸಾಲದ ಪತ್ರಕ್ಕೂ ಒತ್ತುತ್ತಾರೆ,
ಓದದೆ.

ನಿದ್ದೆ ಹತ್ತಲಿಲ್ಲ.
ಗಫೂರ್ ಸಾಬರು ಸ್ಕ್ರೂಡ್ರೈವರಿನ ಹಿಡಿಯಲ್ಲಿ
ನನ್ನ ಗೆಣ್ಣಿಗೆ ಕುಟ್ಟಿ ಹೇಳಿದ್ದು, ನಲವತ್ತು ವರ್ಷದ ಹಿಂದೆ:
"ಬಟ್ಟು ಇಟ್ಟ ಕೂಡಲೇ ಓದಬೇಡ.
ಮುಳ್ಳು ಆಡಲಿ. ಆಡಿ ಸುಸ್ತಾಗಲಿ.
ಹಾಗಂತ ಬೀಡಿ ಸೇದಿ ಬರ್ತೀನಿ ಅಂತ ಹೋಗಲೂಬೇಡ,
ಅಷ್ಟರಲ್ಲಿ ತಟ್ಟೆಗೆ ಧೂಳು ಕೂತಿರ್ತದೆ."

ಎದ್ದು ಕಾರ್ಡುಗಳನ್ನು ಬೋರಲು ಮಾಡಿದೆ.
ಒಂದರ ಬೆನ್ನಿಗೆ ನನ್ನದೇ ಕೋಳಿಕಾಲು ಅಕ್ಷರ:
ಅಲಗು. ಎರಡೂವರೆ ಇಂಚು. ಕಳಿಸ್ತೀನಿ ಅಂದಿದ್ದೇನೆ.
ಮುಖದ ಕಡೆ: ಸೆಲ್ವಮಣಿ, ಹೊಸಮನೆ, ಭದ್ರಾವತಿ.
ಊಟದ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದಾಕೆ,
ಸಾರಿನ ಸೌಟು ಹಿಡಿದೇ ಕೇಳಿದ್ದಳು:
ಗುಜರಿಯಲ್ಲಿ ಸಿಕ್ಕ ಹಿತ್ತಾಳೆ ತಕ್ಕಡಿ, ದಂಡ ನೆಟ್ಟಗಿದೆ,
ಅಲಗು ಸವೆದಿದೆ, ಈಗ ಯಾರು ಮಾಡಿಕೊಡ್ತಾರೆ ಹೇಳಿ?
ಹಿಂದಿನವರು ಬೇಗ ಬೇಗ ಎಂದರು.
ಕಳಿಸ್ತೀನಿ ಎಂದೆ, ಹಪ್ಪಳ ತಗೊಂಡೆ.

ಕಳಿಸ್ತೀನಿ. ನೋಡ್ತೀನಿ. ಫೋನ್ ಮಾಡ್ತೀನಿ.
ನಾಲಗೆಗೇನು, ಅದಕ್ಕೆ ಮುದ್ರೆಯಿದೆಯೇ,
ಕಾಲಕಾಲಕ್ಕೆ ತಂದು ತೋರಿಸಿ ಎಂಬ ಕಾನೂನಿದೆಯೇ?

ಮೂರು ದಿನ ಹುಡುಕಿದೆ. ಸಾಬರ ಪೌಡರ್ ಡಬ್ಬಿಯ ತಳದಲ್ಲಿ
ಎಣ್ಣೆಬಟ್ಟೆ ಹೊದ್ದು ಮಲಗಿತ್ತು.
ಉಜ್ಜಿ, ಅಳೆದು, ಪೇಪರಿನಲ್ಲಿ ಸುತ್ತಿ
ಭದ್ರಾವತಿ ಬಸ್ಸಿನ ಕಂಡಕ್ಟರ್ ಕೈಗಿತ್ತೆ.
ಚೀಟಿಯಲ್ಲಿ ಎರಡೇ ಸಾಲು:
ಸಾರಿನ ಮುಂದೆ ಒಪ್ಪಿಕೊಂಡದ್ದು, ದುಡ್ಡು ಬೇಡ.
ಕೂರಿಸುವಾಗ ಎಡದ ಸ್ಕ್ರೂ ಮೊದಲು.

ಒಂದು ವಾರ. ಏನೂ ಇಲ್ಲ.
ಎರಡು ವಾರ. ಹೆಂಡತಿ ಅಂದಳು, ಕೇಳಬಾರದಾ?
ಕೇಳಿದರೆ ಕೊಟ್ಟದ್ದನ್ನು ಮರಳಿ ತೂಗಿದಂತೆ;
ಕೇಳದೆ, ಅದು ಬಸ್ಸಿನ ಸೀಟಿನಡಿಯೇ ಉಳಿದಿದ್ದರೆ?
ಇಪ್ಪತ್ತೊಂದನೆಯ ದಿನ ಒಂದೇ ಪದ ಬರೆದೆ: ತಲುಪಿತೇ
ಪ್ರಶ್ನೆಯ ಚಿಹ್ನೆ ಹಾಕಲಿಲ್ಲ, ಕೊಕ್ಕೆಯಂತೆ ಕಂಡೀತೆಂದು.

ರಾತ್ರಿ ಹತ್ತಕ್ಕೆ ಫೋಟೋ ಬಂತು.
ಹುಣಸೆಹಣ್ಣಲ್ಲಿ ತಿಕ್ಕಿಸಿಕೊಂಡು ಹೊಳೆಯುವ ತಕ್ಕಡಿ.
ಎಡ ತಟ್ಟೆಯಲ್ಲಿ ಆಕೆಯ ಕಾರ್ಡು, ಬಲದಲ್ಲಿ ನನ್ನದು.
ಮುಳ್ಳು ಕೂದಲೆಳೆಯಷ್ಟು ಆಕೆಯ ಕಡೆಗೆ.
ಕೆಳಗೆ ಬರೆದಿದ್ದಳು: ನಿಮ್ಮದು ತೆಳು ಕಾಗದವೋ,
ನಾನು ಬಲದ ಸ್ಕ್ರೂ ಮೊದಲು ತಿರುಗಿಸಿದೆನೋ,
ಬಂದು ನೋಡಿ ಹೇಳಬೇಕು. ಭಾನುವಾರ ಅಂಗಡಿ ತೆಗೆದಿರ್ತದೆ.

ಕಾಗದ ತೆಳುವೇ. ಇದ್ದುದರಲ್ಲಿ ಅಗ್ಗದ್ದು ಕೊಡಿ ಎಂದಿದ್ದೆ ಪ್ರೆಸ್ಸಿನವನಿಗೆ.
ಅದನ್ನು ಹೇಳಲಿಲ್ಲ.
ಬರ್ತೀನಿ ಎಂದು ಬರೆದು
ಸಣ್ಣ ಸ್ಕ್ರೂಡ್ರೈವರನ್ನು ಆಗಲೇ ಚೀಲಕ್ಕೆ ಹಾಕಿದೆ.

ಬೆಳಿಗ್ಗೆ, ಉಳಿದ ಹದಿಮೂರರಲ್ಲಿ ಮೇಲಿನದನ್ನು ತಿರುವಿದೆ.
ಖಾಲಿ ಬೆನ್ನು.
ಫೋನ್ ಹಚ್ಚಿ ಇದ್ದದ್ದು ಇದ್ದಹಾಗೆ ಹೇಳಿದೆ:
ಕ್ಷಮಿಸಿ, ತಕ್ಕಡಿ ಸಭೆಯಲ್ಲಿ ಸಿಕ್ಕಿದ್ದೆವು,
ನಿಮ್ಮ ಮುಖ ಮರೆತಿದ್ದೇನೆ.
ಅತ್ತ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ,
"ಏನ್ರೀ, ಗಾಂಧಿ ಬಜಾರಿನವರಾ?"