ಮೂರರ ಬಾಲ

ಕನ್ನಡಕವನ್ನು ಹಣೆಗೇರಿಸಿ ಎಂಜಿನ್ನಿಗೆ ಮೂಗು ತಾಗಿಸಿ
ಅಂಕಿ ಓದುತ್ತಾನೆ ಒತ್ತೊರಿನೊ. ಟಾರ್ಚು ಹಿಡಿದವಳು ನಾನು.
"ಆ ವರ್ಷ ಕಾರ್ಖಾನೆಯ ಅಚ್ಚುಮೊಳೆಯಲ್ಲಿ
ಮೂರರ ಬಾಲ ಮುರಿದಿತ್ತು, ನಿವೆಸ್.
ಬಾಲ ಪೂರ್ತಿ ಇದ್ದರೆ ಕಳ್ಳಮಾಲು."

ಮುರಿದೇ ಇದೆ, ಸದ್ಯ.

ಬಾಗಿಲ ಮೇಲೆ ಅಯಸ್ಕಾಂತ ಎಳೆದೆ. ಕಚ್ಚಿತು,
ಕಚ್ಚಿತು, ಹಿಂಚಕ್ರದ ಕಮಾನಿಗೆ ಬಂದಾಗ
ಜಾರಿ ಬಿತ್ತು: ಒಳಗೆ ಬರೀ ಪುಟ್ಟಿ.
ಕೀಲು ಬಿಚ್ಚಿದರೆ ಕೆಂಪಿನಡಿ ಬೂದು,
ನವೆಂಬರಿನಲ್ಲಿ ನಮ್ಮ ಬಿಯೆಲ್ಲಾದ ಬೆಟ್ಟ ಇರುತ್ತದಲ್ಲ, ಆ ಬೂದು.
ಹುಟ್ಟಿದ್ದೇ ಕೆಂಪಾಗಿ ಎಂದು ಮಾರಿದವನು
ತಾಯಾಣೆ ಇಟ್ಟಿದ್ದ. ಪಟ್ಟಿಯಲ್ಲಿ ಬೂದು ಎಂದು ಬರೆದೆ.

ಬೋಲ್ಟುಗಳ ನೆತ್ತಿಯ ಗುರುತು ಓದುತ್ತ ಸಂಜೆಯಾಯಿತು.
ನಲವತ್ತೊಂದು ಸರಿ. ಗಡಿಯಾರದ ಹಿಂದೆ ಮಾತ್ರ
ಯಾವ ಪಟ್ಟಿಗೂ ಸೇರದ ಸ್ಕ್ರೂ ಒಂದು,
ತುಸು ದಪ್ಪ, ನೀಲಿಗಟ್ಟಿದ ಉಕ್ಕು.
ನನಗಿದರ ಪರಿಚಯವಿದೆ, ಅಂದೆ. ಹೊಳೆಯಾಚೆ ಉಣ್ಣೆಗಿರಣಿಯ ಮಗ್ಗದ್ದು;
ಅಜ್ಜಿಯ ಗುಂಡಿ ಡಬ್ಬಿಯಲ್ಲಿ ಇಂಥವು ಹಿಡಿ ತುಂಬ ಇದ್ದವು,
ಕದ್ದವೋ, ಜೇಬಿಗೆ ತಾವೇ ಬಿದ್ದವೋ.
ಯಾವನೋ ಗಿರಣಿಯವ, ಭಾನುವಾರ, ಸಾಹುಕಾರನ ಕಾರಿನಲ್ಲಿ
ಗಡಿಯಾರ ಗಲಗಲ ಎಂದದ್ದಕ್ಕೆ ಕಿಸೆ ತಡಕಿರಬೇಕು.

"ತೆಗಿ ಅದನ್ನ," ಒತ್ತೊರಿನೊ ಅಂದ. ತೆಗೆದೆ.
ಗಾಜಿನ ಜಾಡಿಯಿಂದ ಅಸಲಿಯನ್ನು ಹುಡುಕಿ,
ಉಫ್ ಎಂದು ಧೂಳು ಊದಿ, ತಿರುಗಿಸಿದ.
ಎರಡು ಸುತ್ತು. ಹಿಡಿಯಲಿಲ್ಲ. ಸುಮ್ಮನೆ ತಿರುಗುತ್ತಲೇ ಇತ್ತು.
ಅರವತ್ತು ವರ್ಷದಲ್ಲಿ ತೂತು
ಆ ಮಗ್ಗದ ಸ್ಕ್ರೂವಿಗೆ ಒಗ್ಗಿಬಿಟ್ಟಿದೆ.

ಅವನು ಬೈದದ್ದನ್ನು ಇಲ್ಲಿ ಬರೆಯಲಾರೆ.
ಈ ಸಾಲಿಗೆ ಏನಂತ ತುಂಬಲಿ, ಕೇಳಿದೆ.
ಕನ್ನಡಕ ಕೆಳಗಿಳಿಸಿ ಸ್ಕ್ರೂವನ್ನು ಬೆಳಕಿಗೆ ಹಿಡಿದ.
"ನಿಮ್ಮಜ್ಜಿ ಯಾವ ಪಾಳಿ?" ಅಂದ.